ನಿಮಿಷಪ್ಪನ ಇಪ್ಪತ್ತು ನಿಮಿಷ

ಸತ್ತವರ ಬಗ್ಗೆ ಒಳ್ಳೇದೇ ಮಾತಾಡಬೇಕಂತೆ. ನನ್ನ ಕೈಲಿ ಆಗಲ್ಲ. ನಮ್ಮಣ್ಣ ಮೊಂಡ. ಅವನಂಥ ಇನ್ನೊಬ್ಬ ಮೊಂಡನನ್ನ ನಾನು ನೋಡಿಲ್ಲ. ಅಪ್ಪ ಅಮ್ಮ ಇಟ್ಟ ಹೆಸರು ಊರಲ್ಲಿ ಒಬ್ಬರಿಗೂ ನೆನಪಿರಲಿಲ್ಲ, ಎಲ್ಲರೂ ನಿಮಿಷಪ್ಪ ಅಂತಲೇ ಕರೀತಿದ್ರು.

ಊರಿನ ನೀರುಗಂಟಿ ಅವನು. ದಿಬ್ಬದ ಮೇಲೆ ಟ್ಯಾಂಕು, ಟ್ಯಾಂಕಿನ ಬುಡದಲ್ಲೊಂದು ಗುಂಡಿ, ಗುಂಡಿಯಲ್ಲಿ ಮೂರು ವಾಲ್ವು. ಒಂದು ಮೇಲ್ಬೀದಿಗೆ, ಒಂದು ನಡುಬೀದಿಗೆ, ಇನ್ನೊಂದು ನಾನು ಮದುವೆಯಾಗಿ ಸೇರಿದ ಕೊನೆಬೀದಿಗೆ. ಎದೆಯೆತ್ತರದ ಕಬ್ಬಿಣದ ಕೀಲಿ ಇಳಿಸಿ ಹನ್ನೊಂದು ಸುತ್ತು ತಿರುಗಿಸಿದ್ರೆ ನೀರು ಹೊರಡ್ತಿತ್ತು, ಹನ್ನೊಂದು ಸುತ್ತು ಹಿಂದಕ್ಕೆ ತಿರುಗಿಸಿದ್ರೆ ನಿಲ್ತಿತ್ತು. ಬೀದಿಗೆ ಇಪ್ಪತ್ತು ನಿಮಿಷ. ಹತ್ತೊಂಬತ್ತಲ್ಲ, ಇಪ್ಪತ್ತೊಂದೂ ಅಲ್ಲ. ಗುಂಡಿಯ ಪಕ್ಕ ಕುಕ್ಕರಗಾಲಲ್ಲಿ ಕೂತು ಮಣಿಕಟ್ಟಿನ ಗಡಿಯಾರವನ್ನ ಕಣ್ಣಿಗೆ ಎಣ್ಣೆ ಬಿಟ್ಕೊಂಡು ನೋಡ್ತಾ ಇರ್ತಿದ್ದ. ಇಪ್ಪತ್ತಾರು ವರ್ಷ ಹೀಗೇ ಕೂತ.

ನನ್ನ ಮದುವೆ ದಿನ ಏನು ಮಾಡಿದ ಗೊತ್ತಾ? ಊಟಕ್ಕೆ ಕೂತವರು ಇನ್ನೂ ಕೈ ತೊಳೆದಿರಲಿಲ್ಲ, ನಲ್ಲಿ ನಿಂತುಹೋಯ್ತು. ಬೀಗರ ಕಡೆಯವರು ಎಂಜಲು ಕೈ ಎತ್ತಿಕೊಂಡು ಒಬ್ಬರ ಮುಖ ಒಬ್ಬರು ನೋಡ್ತಿದ್ದಾರೆ. ನಮ್ಮಮ್ಮ ದಿಬ್ಬ ಹತ್ತಿ ಹೋಗಿ ಕೇಳಿದ್ರೆ, "ತಂಗಿ ಮದುವೆ ಅಂತ ಗಡಿಯಾರ ನಿಲ್ಲುತ್ತಾ ಅಮ್ಮ?" ಅಂದನಂತೆ. ಸರದಿ ಮುಗಿಯೋವರೆಗೂ ಯಾರ ಮನೆಯಲ್ಲೂ ಒಂದು ಲೋಟ ನೀರು ಮುಟ್ತಿರಲಿಲ್ಲ, ಕುಡಿದ್ರೆ ಆ ಬೀದಿಗೆ ವಾಲಿದ ಅಂತಾರೆ ಅನ್ನೋ ಭಯ. ಹೆಂಡತಿ ಹೋದ ಮೇಲೆ ಅವನಿಗಿದ್ದವಳು ನಾನೊಬ್ಬಳೇ. ನನಗೂ ಅಷ್ಟೇ ನ್ಯಾಯ.

ನಮ್ಮನೆಯವರಿಗೆ ನಾಲ್ಕು ಎಮ್ಮೆ ಇದ್ವು. ಹಾಲು ಮಾರಿ ಬದುಕಿದ್ವಿ. ಅವರ ಮನಸ್ಸು ಮೆತ್ತಗೆ, ಸಿಟ್ಟು ಮಾತ್ರ ಮೂಗಿನ ತುದಿಯಲ್ಲೇ. ಅವರೂ ಅಣ್ಣನೂ ಒಬ್ಬರನ್ನೊಬ್ಬರು ಭಾವ ಅಂತ ಕರೀತಿದ್ರು, ಭಾನುವಾರ ನಮ್ಮ ಜಗಲಿ ಮೇಲೆ ಇಸ್ಪೀಟು ಆಡ್ತಿದ್ರು. ಇಬ್ಬರೂ ಮೋಸ ಮಾಡ್ತಿದ್ರು, ಇಬ್ಬರೂ ಒಪ್ತಿರಲಿಲ್ಲ. ಆ ಭಾನುವಾರಗಳು ನನಗೆ ಎಷ್ಟು ಇಷ್ಟ ಅಂತ ಆಗ ಗೊತ್ತಿರಲಿಲ್ಲ.

ಮಳೆ ಒಂದೇ ವರ್ಷ ಕೈಕೊಟ್ಟಿದ್ರೆ ತಡ್ಕೋತಿದ್ವಿ. ಐದು ವರ್ಷ. ಬರಲೇ ಇಲ್ಲ ಅಂತಲ್ಲ, ಬರಬಾರದ ಹೊತ್ತಿಗೆ ಬಂತು. ಒಂದು ವರ್ಷ ಮಳೆಗಾಲವಿಡೀ ಹನಿ ಬೀಳಲಿಲ್ಲ, ಬೇಸಿಗೆ ನಡುವೆ ಒಂದು ಮಧ್ಯಾಹ್ನ ಎರಡು ಗಂಟೆ ಹೊತ್ತು ಸುರಿದು ಹೊಲದ ಮೇಲ್ಮಣ್ಣನ್ನೆಲ್ಲ ಹಳ್ಳಕ್ಕೆ ತಳ್ಳಿ ಹೋಯ್ತು. ಆಮೇಲೆ ಹನ್ನೊಂದು ತಿಂಗಳು ಬಿಸಿಲು. ಚೂರಾದ ಹೆಂಚಿನ ಹಾಗೆ ಕೆರೆಯ ತಳ ಬಿರಿಯಿತು. ಟ್ಯಾಂಕಿಗೆ ನೀರು ಎತ್ತುತ್ತಿದ್ದ ಕೊಳವೆಬಾವಿ ಕೆಮ್ಮೋಕೆ ಶುರು ಮಾಡ್ತು. ದಿನಾ ತುಂಬ್ತಿದ್ದ ಟ್ಯಾಂಕು ನಾಲ್ಕು ದಿನಕ್ಕೊಮ್ಮೆ ಅರ್ಧ ತುಂಬೋದೇ ಹೆಚ್ಚಾಯ್ತು.

ಮೊದಲೆಲ್ಲ ಇಪ್ಪತ್ತು ನಿಮಿಷಕ್ಕೆ ನಮ್ಮನೆ ಮುಂದಿನ ಬೀದಿ ನಲ್ಲಿಯಲ್ಲಿ ಅರವತ್ತು ಕೊಡ ಹಿಡೀತಿದ್ವಿ. ಅದು ಮೂವತ್ತಾಯ್ತು, ಹದಿನೈದಾಯ್ತು, ಕೊನೆಗೆ ಆರು ಕೊಡ. ಪೈಪು ದಿಬ್ಬ ಇಳಿದು, ತಗ್ಗು ದಾಟಿ, ಮತ್ತೆ ಏರಿ ನಮ್ಮ ಬೀದಿಗೆ ಬರಬೇಕು. ಟ್ಯಾಂಕಲ್ಲಿ ನೀರಿನ ಭಾರವೇ ಇಲ್ಲದ ಮೇಲೆ ಅದು ತೆವಳಿಕೊಂಡು ಬರ್ತಿತ್ತು. ಹದಿನೇಳು ನಿಮಿಷ ನಲ್ಲಿಯಿಂದ ಬರೀ ಗಾಳಿ. ಆಮೇಲೆ ಮೂರು ನಿಮಿಷ ನೀರು. ಅಷ್ಟೊತ್ತಿಗೆ ನಮ್ಮಣ್ಣನ ಇಪ್ಪತ್ತು ಮುಗೀತಿತ್ತು.

ಕೊನೆಬೀದಿ ಖಾಲಿಯಾಗಿದ್ದು ತುದಿಯಿಂದ. ಕಟ್ಟಕಡೆಯ ಮನೆಯವರು ಮೊದಲು ಬೀಗ ಹಾಕಿದ್ರು, ಆಮೇಲೆ ಅವರ ಪಕ್ಕದವರು, ಆಮೇಲೆ ಅದರ ಪಕ್ಕದವರು. ನೀರು ಎಲ್ಲಿಗೆ ನಿಂತಿತೋ ಅಲ್ಲಿಗೆ ಬೀದಿಯೂ ನಿಂತಿತು. ನಲವತ್ತು ಮನೆ ಇದ್ದ ಬೀದಿಯಲ್ಲಿ ಒಂಬತ್ತು ಉಳಿದ್ವು. ಮದುವೆಯಾಗಿ ಬಂದಾಗ ನಮ್ಮನೆ ಬೀದಿಯ ನಡುವೆ ಇತ್ತು, ಕುಂತಲ್ಲೇ ಕಡೆಯದಾಯ್ತು. ಹೋದವರೆಲ್ಲ ಪಟ್ಟಣದ ಇಟ್ಟಿಗೆ ಭಟ್ಟಿಗೆ ಹೋದ್ರು. ಭಟ್ಟಿಯ ಮೇಸ್ತ್ರಿ ಲಾರಿ ತಗೊಂಡು ಬರ್ತಿದ್ದ. ಗಂಡ ಹೆಂಡತಿ ಜೋಡಿ ಇದ್ರೆ ಮಾತ್ರ ಹತ್ತಿಸ್ಕೋತಿದ್ದ, ಯಾಕಂದ್ರೆ ಒಬ್ಬರು ಮಣ್ಣು ಕಲಸಬೇಕು, ಒಬ್ಬರು ಅಚ್ಚು ಹಾಕಬೇಕು. ನಮ್ಮನೆಯವರು, "ಎಮ್ಮೆ ಬಿಟ್ಟು ನಾನೆಲ್ಲಿಗೂ ಬರಲ್ಲ" ಅಂತ ಹಟ ಹಿಡಿದು ಕೂತಿದ್ರು.

ಒಂಬತ್ತು ಮನೆಗೆ ಆರು ಕೊಡ ಅಂದ್ರೆ ಏನಾಗುತ್ತೆ ಹೇಳಿ. ನನ್ನ ಹಣೆ ಮೇಲೆ ಈ ಗಾಯ ಇದೆಯಲ್ಲ, ಇದು ಎದುರುಮನೆಯವಳು ಕೊಡ ಬೀಸಿ ಮಾಡಿದ್ದು. ನಾನೇನು ಸುಮ್ಮನಿದ್ನಾ? ಅವಳ ಜುಟ್ಟು ಹಿಡಿದು ನಲ್ಲಿಕಟ್ಟೆಗೆ ಮುಖ ಜಜ್ಜಿದೆ. ಅವಳ ಮೂಗಿನ ಮೂಳೆ ಲಟಕ್ಕಂದಿದ್ದು ನನಗೆ ಕೇಳಿಸ್ತು. ನನ್ನ ಬಾಣಂತನದಲ್ಲಿ ಹದಿನೈದು ದಿನ ನನಗೆ ನೀರು ಹಾಕಿದವಳು ಅವಳು. ನನ್ನ ಮಗು ಉಳೀಲಿಲ್ಲ, ಆಗ ನನ್ನ ಜೊತೆ ಕೂತು ಅತ್ತವಳೂ ಅವಳೇ. ಜಗಳ ಮುಗಿಯೋದರೊಳಗೆ ಮೂರನೇ ಮನೆಯವಳು ಬಂದು ಇಬ್ಬರ ಪಾಲೂ ಹಿಡ್ಕೊಂಡು ಹೋಗಿದ್ಲು.

ಬೀದಿಯವರದ್ದೆಲ್ಲ ಒಂದೇ ಮಾತು. ನಿಮಿಷಪ್ಪ ಮೇಲ್ಬೀದಿಯವರ ಹತ್ತಿರ ದುಡ್ಡು ತಿಂದಿದ್ದಾನೆ, ನಮಗೆ ಗಾಳಿ ಬಿಡ್ತಾನೆ. ನಮ್ಮನೆಯವರು ಒಂದು ದಿನ ಚಹಾದಂಗಡಿ ಮುಂದೆ ಅಣ್ಣನ ಕೊರಳಪಟ್ಟಿ ಹಿಡಿದು ಕೆನ್ನೆಗೆ ಬಾರಿಸಿದ್ರು. ಅಣ್ಣ ಕೀಲಿಯ ಹಿಡಿಯಿಂದ ತಿವಿದ, ಇವರ ಎರಡು ಹಲ್ಲು ಉದುರಿದ್ವು. ಆವತ್ತಿಂದ ಇಸ್ಪೀಟು ನಿಂತಿತು. ಇವರು ರಕ್ತ ಉಗೀತಾ, "ನಿಮ್ಮಣ್ಣನ್ನ ನಾನು ಬಿಡಲ್ಲ ಕಣೆ" ಅಂದ್ರು. ಇಬ್ಬರಲ್ಲೊಬ್ಬರು ಇನ್ನೊಬ್ಬರನ್ನ ಮುಗಿಸ್ತಾರೆ, ಅಷ್ಟರೊಳಗೆ ನಾನೇ ಏನಾದ್ರೂ ಮಾಡಬೇಕು. ನನಗೆ ಬೇರೆ ಯೋಚನೆಯೇ ಉಳೀಲಿಲ್ಲ.

ಅಣ್ಣನ ಮನೆಗೆ ಹೋದೆ. ಮುಖಕ್ಕೆ ಹೊಡೆದ ಹಾಗೆ ಹೇಳಿದೆ.

"ಅಣ್ಣ, ಹದಿನೇಳು ನಿಮಿಷ ಗಾಳಿ ಬರುತ್ತೆ."

"ಇಪ್ಪತ್ತು ನಿಮಿಷ ಬಿಟ್ಟಿದ್ದೀನಿ. ಗಡಿಯಾರ ಸುಳ್ಳು ಹೇಳುತ್ತಾ?"

"ಗಡಿಯಾರಕ್ಕೇನು ಬಾಯಾರುತ್ತಾ? ಕೊನೆಬೀದಿಯಲ್ಲಿ ನೀರು ಹೇಗೆ ಬರುತ್ತೆ ಅಂತ ಒಂದು ಸಲ ಆದ್ರೂ ನೋಡಿದ್ದೀಯಾ ನೀನು?"

ನೋಡಿರಲಿಲ್ಲ. ಹೇಗೆ ನೋಡ್ತಾನೆ? ನಮ್ಮ ನಲ್ಲಿಗೆ ನೀರು ಬರೋ ಹೊತ್ತಲ್ಲಿ ಅವನು ಯಾವಾಗಲೂ ಗುಂಡಿ ಹತ್ತಿರ ಇರಬೇಕು. ಇಪ್ಪತ್ತಾರು ವರ್ಷ ಊರಿಗೆ ನೀರು ಬಿಟ್ಟವನು ತಾನು ಬಿಟ್ಟ ನೀರು ನಲ್ಲಿಯಿಂದ ಬೀಳೋದನ್ನ ಕಂಡಿರಲಿಲ್ಲ. ದೀಪದ ಕೆಳಗೆ ಕತ್ತಲೆ ಅಂತಾರಲ್ಲ, ಹಾಗೆ.

ಮುಂದಿನ ಸರದಿಗೆ ಬಂದ. ವಾಲ್ವು ಬಿಟ್ಟು, ಗುಂಡಿ ಮುಚ್ಚಳಕ್ಕೆ ಬೀಗ ಜಡಿದು, ಸೈಕಲ್ಲು ತುಳಿದ್ಕೊಂಡು ನಾಲ್ಕು ನಿಮಿಷಕ್ಕೆ ನಮ್ಮ ನಲ್ಲಿಕಟ್ಟೆ ಮುಂದೆ ಇಳಿದ. ನಮ್ಮನೆಯವರು ಎಮ್ಮೆ ಹೊಡ್ಕೊಂಡು ಹೋಗಿದ್ರು, ಪುಣ್ಯ. ಹೆಂಗಸರೆಲ್ಲ ಕೊಡ ಎತ್ಕೊಂಡು ಹಿಂದೆ ಸರಿದ್ರು. ಒಬ್ಬಳು ಅವನ ಕಾಲ ಹತ್ತಿರವೇ ಉಗಿದ್ಲು. ಅಣ್ಣ ಕಟ್ಟೆ ಮೇಲೆ ಕೂತು ನಲ್ಲಿ ಬಾಯಿಗೆ ಅಂಗೈ ಒಡ್ಡಿದ. ಬುಸ್ ಬುಸ್ ಅಂತ ಗಾಳಿ ಬರ್ತಿತ್ತು. ಒಂದು ಕಣ್ಣು ಗಡಿಯಾರದ ಮೇಲೆ, ಕೈ ನಲ್ಲಿ ಕೆಳಗೆ. ಹನ್ನೆರಡು ನಿಮಿಷ ಕೈ ತೆಗೀಲಿಲ್ಲ. ಹದಿನಾರನೇ ನಿಮಿಷಕ್ಕೆ ಎದ್ದ, ವಾಲ್ವು ಮುಚ್ಚೋಕೆ ಹೋಗಬೇಕಲ್ಲ. ಒಣಗಿದ ಕೈಯನ್ನ ಯಾಕೋ ಪಂಚೆಗೆ ಒರೆಸ್ಕೊಂಡು ಸೈಕಲ್ಲು ಹತ್ತಿದ. ಅವನು ತಿರುವಿನಲ್ಲಿ ಮರೆಯಾದ ಮೇಲೆ ನೀರು ಬಂತು. ಆರು ಕೊಡ. ನಿಂತಿತು.

ಆಮೇಲೆ ಹೋಗಿ ಕೇಳಿದೆ, "ಏನು ಮಾಡ್ತೀಯಾ ಅಣ್ಣ?"

"ನೋಡ್ತೀನಿ. ನೀನು ಯಾರ ಹತ್ತಿರವೂ ಬಾಯಿ ಬಿಡಬೇಡ. ಒಂದು ಬೀದಿಗೆ ಗೊತ್ತಾದ್ರೆ ಮೂರು ಬೀದಿಯವರೂ ಬಂದು ಕೂರ್ತಾರೆ."

ಅದರ ಮರುದಿನ ನಮ್ಮ ದೊಡ್ಡ ಎಮ್ಮೆ ಹಗ್ಗ ಕಿತ್ಕೊಂಡು ಓಡ್ತು. ನೀರಿನ ವಾಸನೆ ಹಿಡ್ಕೊಂಡು ನೆಟ್ಟಗೆ ಮೇಲ್ಬೀದಿಗೆ ಹೋಗಿ ಯಾರದ್ದೋ ತೊಟ್ಟಿಗೆ ಬಾಯಿ ಹಾಕ್ತು. ಅವರು ಹಾರೆ ತಗೊಂಡು ಅದರ ಹಿಂಗಾಲು ಎರಡೂ ಮುರಿದ್ರು. ಸುದ್ದಿ ಕೇಳಿ ನಾವು ಓಡಿಹೋದಾಗ ಅದು ಮುಂಗಾಲಲ್ಲಿ ತೆವಳ್ತಾ ಇನ್ನೂ ತೊಟ್ಟಿ ಕಡೆಗೇ ಹೋಗ್ತಿತ್ತು. ಮೂಳೆ ಚರ್ಮ ಹರಿದು ಹೊರಗೆ ಬಂದಿತ್ತು. ಮೇಲ್ಬೀದಿಯ ಗಂಡಸರು ಸುತ್ತ ನಿಂತಿದ್ರು. ನಮ್ಮನೆಯವರು ಯಾರನ್ನೂ ಏನೂ ಅನ್ನಲಿಲ್ಲ. ಅವರಲ್ಲೇ ಒಬ್ಬನ ಹತ್ತಿರ ಕೊಡಲಿ ಕೇಳಿ ಇಸ್ಕೊಂಡು ತಾವೇ ಎಮ್ಮೆಯ ನೆತ್ತಿಗೆ ಹಾಕಿದ್ರು. ಒಂದೇ ಏಟಿಗೆ ಸಾಯಲಿಲ್ಲ. ಮೂರು ಹಾಕಬೇಕಾಯ್ತು.

ಎತ್ತಿಗೆ ಜ್ವರ ಬಂದ್ರೆ ಎಮ್ಮೆಗೆ ಬರೆ ಅಂತಾರೆ. ನಮ್ಮಲ್ಲಿ ಎಮ್ಮೆ ಸತ್ತಿದ್ದಕ್ಕೆ ಬರೆ ಬಿದ್ದಿದ್ದು ಅಣ್ಣನಿಗೆ. ಹಾರೆ ಎತ್ತಿದವರು ಇಪ್ಪತ್ತು ಜನ, ಅವರ ಮೇಲೆ ಹೋಗೋಕಾಗಲ್ಲ. ನಿಮಿಷಪ್ಪ ಒಬ್ಬನೇ. ಅಷ್ಟೇ ಲೆಕ್ಕ.

"ನಾಡಿದ್ದು ಅವನ ಕೈ ಮುರೀತೀನಿ. ಸೋಮವಾರ ಲಾರಿ ಹತ್ತೋಣ" ಅಂದ್ರು.

ನಾನು ಕಾಲಿಗೆ ಬಿದ್ದೆ. "ಅಣ್ಣ ಕಣ್ಣಾರೆ ನೋಡಿ ಹೋಗಿದ್ದಾನೆ ರೀ. ಈ ಒಂದು ಸರದಿ ತಡೀರಿ. ನನ್ನಾಣೆ."

"ಬಂದು ಗಾಳಿ ಮೂಸಿ ಹೋದ್ನಾ? ದೊಡ್ಡ ನಾಟಕ" ಅಂದ್ರು. ಆಮೇಲೆ ನನ್ನ ರಟ್ಟೆ ಹಿಡಿದು ಎಬ್ಬಿಸಿ, "ಸರಿ, ಹತ್ತು ನಿಮಿಷ ಕಾಯ್ತೀನಿ. ನಿನ್ನ ಮುಖ ನೋಡಿ" ಅಂದ್ರು.

ಹತ್ತಲ್ಲ, ಹದಿನೇಳು ಬೇಕು ಅಂತ ನಾನು ಆಗಲೇ ಹೇಳಬೇಕಿತ್ತು. ಎಷ್ಟು ಹೊತ್ತು ಬಿಟ್ರೂ ನೀರು ತೆವಳಿಕೊಂಡೇ ಬರಬೇಕು, ಅದು ನನಗೆ ಗೊತ್ತಿತ್ತು. ಆದ್ರೆ ಅವರು ತಡೀತೀನಿ ಅಂದಿದ್ದೇ ದೊಡ್ಡದು ಅನ್ನಿಸಿ, ಇನ್ನು ಎಳೆದಾಡಿದ್ರೆ ಅದೂ ಹೋಗುತ್ತೆ ಅಂತ ಬಾಯಿ ಮುಚ್ಚಿಕೊಂಡೆ. ಆ ಬಾಯಿಗೆ ಮಣ್ಣು ಹಾಕ.

ಸರದಿ ದಿನ ಬೆಳಿಗ್ಗೆ ಹತ್ತಕ್ಕೆ ನಲ್ಲಿ ಬುಸ್ ಅಂತು. ನಮ್ಮನೆಯವರು, ಬೀದಿಯ ಇನ್ನೂ ಐದು ಜನ ಗಂಡಸರು ದೊಣ್ಣೆ ಹಿಡ್ಕೊಂಡು ಕಟ್ಟೆ ಸುತ್ತ ನಿಂತಿದ್ರು. ಐದು ನಿಮಿಷ ಗಾಳಿ. ಹತ್ತು ನಿಮಿಷ ಗಾಳಿ. "ನೋಡಿದ್ಯಾ ನಿಮ್ಮಣ್ಣನ ನ್ಯಾಯ?" ಅಂತ ನನ್ನ ಕಡೆ ನೋಡಿ ಹೊರಟೇಬಿಟ್ರು. ತೋಳು ಹಿಡಿದು ಎಳೆದೆ. ಕೊಡವಿದ ರಭಸಕ್ಕೆ ಕಟ್ಟೆಗೆ ಸೊಂಟ ಬಡಿದು ಬಿದ್ದೆ. ಏಳೋಕಾಗಲಿಲ್ಲ. ಅವರು ತಿರುವು ದಾಟಿ ಹೋದ್ರು.

ಸೊಂಟ ಹಿಡ್ಕೊಂಡು ಕೂತಿದ್ದೆ, ನೀರು ಬಂತು. ಹೆಂಗಸರು ಕೊಡ ಒಡ್ಡಿದ್ರು. ಒಂದು, ಎರಡು, ಆರು. ಆರಕ್ಕೆ ನಿಲ್ಲುತ್ತೆ ಅಂತ ಎಲ್ಲರೂ ಕೈ ತಡೆದ್ರು. ನಿಲ್ಲಲಿಲ್ಲ. ಏಳು, ಎಂಟು, ಹತ್ತು. ಮೂಗು ಮುರಿದ ಎದುರುಮನೆಯವಳು ಸೀರೆ ಎತ್ತಿಕಟ್ಟಿ ನಲ್ಲಿ ಕೆಳಗೆ ತಲೆ ಒಡ್ಡಿ ನಗೋಕೆ ಶುರು ಮಾಡಿದ್ಲು, ನನ್ನನ್ನೂ ಎಳೆದ್ಲು. ಇಬ್ಬರೂ ತೊಯ್ದು ತೊಪ್ಪೆಯಾದ್ವಿ. ಹದಿನಾರು, ಹದಿನೇಳು ಅಂತ ಯಾರೋ ಎಣಿಸ್ತಿದ್ರು. ಆಗ ನನಗೆ ಹೊಳೀತು. ಅಣ್ಣ ಗಡಿಯಾರ ಬಿಟ್ಟಿದ್ದಾನೆ. ಜೀವಮಾನದಲ್ಲಿ ಮೊದಲನೇ ಸಲ ಇಪ್ಪತ್ತು ದಾಟಿಸಿದ್ದಾನೆ, ಅದೂ ನಮಗೋಸ್ಕರ. ಅವನ ಕೈ ಮುರಿಯೋಕೆ ನನ್ನ ಗಂಡ ಹೋಗಿದ್ದಾರೆ.

ಓಡಿದೆ. ಸೊಂಟ ಎಲ್ಲಿತ್ತೋ, ಕಾಲು ಎಲ್ಲಿತ್ತೋ ಗೊತ್ತಿಲ್ಲ.

ಅಲ್ಲಿ ನಡೆದಿದ್ದನ್ನ ಆಮೇಲೆ ಬೇರೆಯವರಿಂದ ಕೇಳಿ ತಿಳ್ಕೊಂಡೆ. ಇಪ್ಪತ್ತು ನಿಮಿಷ ಆದ ಕೂಡಲೇ ಮೇಲ್ಬೀದಿಯವರು ನಾಲ್ಕೈದು ಜನ ಬಂದು, "ಹೊತ್ತಾಯ್ತು, ಮುಚ್ಚು" ಅಂತ ಅಣ್ಣನನ್ನ ಸುತ್ತುವರಿದಿದ್ರಂತೆ. ಅಣ್ಣ ಕೀಲಿಯನ್ನ ತೊಡೆ ಮೇಲಿಟ್ಕೊಂಡು ಗುಂಡಿ ಮುಚ್ಚಳದ ಮೇಲೆ ಕೂತಿದ್ದ. "ಇವತ್ತು ಮುಚ್ಚಲ್ಲ, ಹೋಗ್ರಯ್ಯ" ಅಂದನಂತೆ. ನಮ್ಮ ಬೀದಿಯವರು ದಿಬ್ಬ ಹತ್ತಿದ್ದು ಆಗಲೇ. ಅವರ ಕಣ್ಣಿಗೆ ಕಂಡಿದ್ದು ಮೇಲ್ಬೀದಿಯವರ ನಡುವೆ ಕೂತ ನಿಮಿಷಪ್ಪ. ಮಾತೇ ಆಡಲಿಲ್ಲ. ದೊಣ್ಣೆ ಬಿದ್ದ ಕೂಡಲೇ ಮೇಲ್ಬೀದಿಯವರು ಚದುರಿ ಓಡಿದ್ರು.

ನಾನು ಅಲ್ಲಿಗೆ ಮುಟ್ಟಿದಾಗ ಅಣ್ಣ ಮುಚ್ಚಳದ ಪಕ್ಕ ಮಣ್ಣಲ್ಲಿ ಬಿದ್ದಿದ್ದ. ಎರಡು ಕೈಯೂ ಮೊಣಕೈ ಕೆಳಗೆ ತಿರುಚಿಕೊಂಡಿದ್ವು. ಬೆರಳ ಮೇಲೆ ಚಪ್ಪಲಿಗಾಲಲ್ಲಿ ತುಳಿದ ಗುರುತು. ಬಾಯಿ ತುಂಬ ರಕ್ತ. ಇಷ್ಟೇ ಆಗಿದ್ರೆ ಬದುಕ್ತಿದ್ದ. ಅವನ ಕೀಲಿ ನಮ್ಮನೆಯವರ ಕೈಲಿತ್ತು. ಅವನು ಏನೋ ಹೇಳೋಕೆ ತಲೆ ಎತ್ತಿದ. ನನ್ನ ಕಣ್ಣೆದುರಿಗೇ ಅವರು ಎರಡು ಕೈಯಲ್ಲಿ ಕೀಲಿ ಎತ್ತಿ ಅವನ ತಲೆಗೆ ಹಾಕಿದ್ರು.

"ನೀರು ಬರ್ತಿದೆ ಕಣ್ರೋ! ಪಾಪಿಗಳಾ, ನೀರು ಬರ್ತಿದೆ!" ಅಂತ ಕಿರುಚಿದೆ.

ಆರು ಜನವೂ ನನ್ನ ಕಡೆ ತಿರುಗಿದ್ರು. ನನ್ನ ಸೀರೆಯಿಂದ ನೀರು ಸೋರ್ತಿತ್ತು, ಕೂದಲಿಂದ ಸೋರ್ತಿತ್ತು. ಒಬ್ಬ ಬಂದು ನನ್ನ ಸೆರಗು ಮುಟ್ಟಿ ನೋಡಿದ. ನಮ್ಮನೆಯವರ ಕೈಯಿಂದ ಕೀಲಿ ಜಾರ್ತು. ಯಾರಿಗೂ ವಾಲ್ವು ಮುಚ್ಚೋಕೆ ತೋಚಲಿಲ್ಲ. ಟ್ಯಾಂಕು ಬರಿದಾಗೋವರೆಗೂ ನಮ್ಮ ಬೀದಿಯಲ್ಲಿ ನೀರು ಹರೀತಾನೇ ಇತ್ತಂತೆ, ಚರಂಡಿ ತುಂಬಿ ಬೀಗ ಹಾಕಿದ ಮನೆಗಳ ಹೊಸ್ತಿಲವರೆಗೂ ಹೋಗಿತ್ತಂತೆ.

ಅಣ್ಣ ಆಸ್ಪತ್ರೆಯಲ್ಲಿ ಎರಡು ದಿನ ಉಸಿರಾಡಿದ. ಕಣ್ಣು ತೆರೀಲಿಲ್ಲ, ಮಾತಾಡಲಿಲ್ಲ. ಮೂರನೇ ದಿನ ಹೋದ.

ಅಷ್ಟರೊಳಗೆ ಬೀದಿಯವರೆಲ್ಲ ಕೂತು ಒಂದು ಕಥೆ ಹೊಲಿದಿದ್ರು. ಹೆಚ್ಚು ನೀರು ಬಿಟ್ಟ ಅಂತ ಮೇಲ್ಬೀದಿಯವರು ಹೊಡೆದು ಕೊಂದರು, ಬಿಡಿಸೋಕೆ ಹೋದ ನಮ್ಮವರ ಬಟ್ಟೆಗೆ ರಕ್ತ ಆಯ್ತು. ನಂಬೋ ಹಾಗೇ ಇತ್ತು. ಎಮ್ಮೆ ಕಾಲು ಮುರಿದವರಿಗೆ ಮನುಷ್ಯ ಎಷ್ಟರವನು? ಅದಕ್ಕೆ ನನ್ನದೊಂದು ಮಾತು ಸೇರಬೇಕಿತ್ತು. ಸತ್ತವನ ತಂಗಿಯೇ ಹೇಳಿದ ಮೇಲೆ ಯಾರು ಇಲ್ಲ ಅಂತಾರೆ? ಎದುರುಮನೆಯವಳು ಬಂದು ಕೈ ಹಿಡ್ಕೊಂಡ್ಲು. "ಹೋದವನು ಹೋದ. ಇರೋ ಗಂಡನನ್ನ ಉಳಿಸ್ಕೋ. ಸೋಮವಾರ ಲಾರಿ ಬರುತ್ತೆ. ಜೋಡಿ ಇಲ್ಲದೆ ಮೇಸ್ತ್ರಿ ಹತ್ತಿಸಲ್ಲ. ಈ ಊರಲ್ಲಿ ಒಬ್ಬಳೇ ಏನು ಕುಡೀತೀಯಾ?"

ನಮ್ಮನೆಯವರು ಮೂರು ದಿನ ಕೊಟ್ಟಿಗೆಯಲ್ಲೇ ಕೂತಿದ್ರು. ಊಟ ಇಟ್ರೆ ತಿನ್ನಲಿಲ್ಲ. ಪೊಲೀಸರು ಕರೆಸಿದ ದಿನ ಬೆಳಿಗ್ಗೆ ಒಳಗೆ ಬಂದು ನನ್ನ ಪಾದ ಹಿಡ್ಕೊಂಡ್ರು. "ಗೊತ್ತಿರಲಿಲ್ಲ ಕಣೆ. ನೀರು ಬಿಟ್ಟಿದ್ದಾನೆ ಅಂತ ಗೊತ್ತಿರಲಿಲ್ಲ" ಅಂತ ಅತ್ತರು. ನಾನು ಕಾಲು ಎಳ್ಕೊಂಡೆ. ಆಗ ಅದೇ ಕೈ ನನ್ನ ಕುತ್ತಿಗೆಗೆ ಬಂತು, ಗೋಡೆಗೆ ಒತ್ತಿ ಹಿಡಿದ್ರು. "ಬಾಯಿ ಬಿಟ್ರೆ ನಿನ್ನನ್ನೂ ಅಲ್ಲಿಗೇ ಕಳಿಸ್ತೀನಿ" ಅಂದ್ರು. ಹಾಗಂತ ಅಂದವರೇ ಕೈ ಬಿಟ್ಟು ಅಲ್ಲೇ ನೆಲದ ಮೇಲೆ ಕೂತರು. ನನಗೆ ಅವರ ಮೇಲೆ ಪ್ರೀತಿ ಇರಲಿಲ್ಲ ಅಂದ್ರೆ ಸುಳ್ಳಾಗುತ್ತೆ. ಆ ಹೊತ್ತಲ್ಲೂ ಇತ್ತು. ಅದಕ್ಕೇ ಇನ್ನೂ ಹೊಟ್ಟೆ ಉರೀತು.

ಠಾಣೆಯಲ್ಲಿ ಒಂದು ಉದ್ದ ಬೆಂಚು, ಮೂಲೆಯಲ್ಲಿ ನೀರಿನ ಕ್ಯಾನು, ಅದಕ್ಕೆ ಸರಪಳಿ ಹಾಕಿ ಕಟ್ಟಿದ ಲೋಟ. ಇನ್ಸ್‌ಪೆಕ್ಟರು ನನಗೆ ಕೂರೋಕೆ ಹೇಳಿದ್ರು. ನಮ್ಮ ಬೀದಿಯವರು ಗೋಡೆಗೆ ಒರಗಿ ಸಾಲಾಗಿ ನಿಂತಿದ್ರು.

"ನೋಡಮ್ಮ, ನಿಮ್ಮಣ್ಣನಿಗೆ ಯಾರು ಹೊಡೆದಿದ್ದು? ನೀನು ನೋಡಿದ್ಯಂತೆ."

"ನೋಡಿದೆ ಸಾರ್."

"ಮೇಲ್ಬೀದಿಯವರಾ?"

ಎದುರುಮನೆಯವಳು ನನ್ನನ್ನೇ ನುಂಗೋ ಹಾಗೆ ನೋಡ್ತಿದ್ಲು. ನನಗೆ ಎಮ್ಮೆ ನೆನಪಾಯ್ತು, ಹೌದು ಅನ್ನೋಣ ಅನ್ನಿಸ್ತು. ಆ ಇಪ್ಪತ್ತು ಜನರಲ್ಲಿ ನಾಲ್ವರು ಜೈಲಿಗೆ ಹೋದ್ರೆ ನನಗೇನು ನಷ್ಟ? ಆದ್ರೆ ನಮ್ಮಣ್ಣ ಸತ್ತಿದ್ದು ಮೇಲ್ಬೀದಿಯವರ ಮಾತು ಕೇಳದೇ ಇದ್ದಿದ್ದಕ್ಕೆ. ಅವನನ್ನ ಕೊಂದಿದ್ದು ಅವನು ಯಾರಿಗೆ ನೀರು ಬಿಟ್ನೋ ಅವರು. ಇದನ್ನೂ ತಿರುಚಿ ಹೇಳಿದ್ರೆ ಆ ಮೊಂಡನಿಗೆ ಹುಟ್ಟಿದ ಊರಲ್ಲಿ ಒಬ್ಬಳೂ ದಿಕ್ಕಿಲ್ಲದ ಹಾಗಾಗ್ತಿತ್ತು.

"ಅಲ್ಲ ಸಾರ್. ತಲೆಗೆ ಹೊಡೆದಿದ್ದು ಇವರು. ನನ್ನ ಗಂಡ" ಅಂದೆ. ಕೈ ಮುರಿದ ಐದು ಜನರ ಹೆಸರನ್ನೂ ಒಂದೊಂದಾಗಿ ಹೇಳಿದೆ.

ಸೋಮವಾರ ಲಾರಿ ಬಂತು. ಗಂಡ ಇದ್ದವರು ಮೂರು ಜೋಡಿ ಹತ್ತಿದ್ರು. ಗಂಡಂದಿರು ಪೊಲೀಸರ ಕೈಗೆ ಸಿಕ್ಕ ನಾವು ಆರು ಹೆಂಗಸರು ಬೀದಿಯಲ್ಲೇ ಉಳಿದ್ವಿ. ಮಿಕ್ಕ ಐವರೂ ಸೇರಿ ನನ್ನ ಮನೆ ಬಾಗಿಲಿಗೆ ಕಲ್ಲು ಹೊಡೆದ್ರು, ನನ್ನ ಕೊಡಗಳನ್ನ ಕಲ್ಲಿಗೆ ಅಪ್ಪಳಿಸಿ ಒಡೆದ್ರು. ಉಳಿದ ಮೂರು ಎಮ್ಮೆ ಯಾರಿಗೋ ಬಿಟ್ಟುಕೊಟ್ಟು ನಾನೂ ಪಟ್ಟಣದ ಬಸ್ಸು ಹತ್ತಿದೆ. ಈಗ ಒಂದು ಛತ್ರದಲ್ಲಿ ಪಾತ್ರೆ ತೊಳೀತೀನಿ. ಇರೋದು ತಗಡಿನ ಒಂದು ಕೋಣೆ. ನಮ್ಮ ಸಾಲಿಗೆ ವಾರಕ್ಕೆರಡು ಸಲ ಟ್ಯಾಂಕರ್ ಬರುತ್ತೆ. ಅಲ್ಲೂ ಜಗಳ, ಅಲ್ಲೂ ರಕ್ತ. ಸಾಲಲ್ಲಿ ನಿಂತವರನ್ನ ಯಾವೂರು ಅಂತ ಕೇಳಿದ್ರೆ ಎಲ್ಲರೂ ಯಾವುದೋ ಒಂದು ಕೊನೆಬೀದಿಯವರೇ.

ನಮ್ಮನೆಯವರಿಗೆ ಶಿಕ್ಷೆ ಆದ ಮೇಲೆ ಒಂದೇ ಒಂದು ಸಲ ಜೈಲಿಗೆ ಹೋಗಿದ್ದೆ. ಬೈಯೋಕೆ ಹೋದ್ನೋ ನೋಡೋಕೆ ಹೋದ್ನೋ ನನಗೇ ಗೊತ್ತಿಲ್ಲ. ಜಾಲರಿ ಆಚೆ ಬಂದು ಕೂತರು. ಮೈ ತುಂಬ್ಕೊಂಡಿತ್ತು. ತಲೆ ಬಾಚಿದ್ರು, ಬಟ್ಟೆ ಒಗೆದು ಬೆಳ್ಳಗಿತ್ತು. ತಲೆ ಬಗ್ಗಿಸಿ, "ಇಲ್ಲಿ ಮೂರು ಹೊತ್ತೂ ನೀರು ಬರುತ್ತೆ ಕಣೆ. ದಿನಾ ಸ್ನಾನ ಮಾಡ್ತೀನಿ" ಅಂದ್ರು. ಅಂದವರೇ ಜಾಲರಿಗೆ ಹಣೆ ಹಚ್ಚಿ ಬಿಕ್ಕಿ ಬಿಕ್ಕಿ ಅತ್ತರು.

"ಕುಡೀರಿ," ಅಂದೆ, "ಹೊಟ್ಟೆ ತುಂಬ ಕುಡೀರಿ. ನಮ್ಮಣ್ಣ ಬಿಟ್ಟಿದ್ದು ಅಂದ್ಕೊಂಡು ಕುಡೀರಿ."

ಎದ್ದು ಬಂದೆ. ಮತ್ತೆ ಹೋಗಿಲ್ಲ.